ಭೋಜರಾಜಣ್ಣನ ಚೀಟಿ

ಚಂದ್ರಮತಿಯ ಹತ್ತಿರ ಏನಾದರೂ ಹೇಳಬೇಕಿದ್ದರೆ ಅವಳ ಬಲಗಡೆಗೆ ಹೋಗಿ ನಿಲ್ಲಬೇಕು. ಅದು ಆ ಮನೆಯ ಕಾನೂನು. ಎಡಗಡೆಯಿಂದ ಮೂರು ಮೂರು ಸಲ ಕರೆದರೂ ಅವಳು ತನ್ನ ಪಾಡಿಗೆ ಚಕ್ಕುಲಿ ಒತ್ತುತ್ತ ಕೂತಿರುತ್ತಿದ್ದಳು. ವಠಾರಕ್ಕೆ ಹೊಸದಾಗಿ ಬಂದವರು ಇದನ್ನು ಸೊಕ್ಕು ಎಂದುಕೊಂಡದ್ದೂ ಉಂಟು. ಸೊಕ್ಕಂತೆ ಸೊಕ್ಕು! ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ನೀರು ಹಿಡಿದು, ಐದು ಜನಕ್ಕೆ ಬೇಯಿಸಿ ಹಾಕಿ, ಆಮೇಲೆ ಗಂಡ ಕೆಲಸ ಮಾಡುವ ಹೋಟೆಲಿಗೆ ದಿನಕ್ಕೆ ಮುನ್ನೂರು ಚಕ್ಕುಲಿ ಕರಿದು ಕೊಡುವ ಹೆಂಗಸಿಗೆ ಸೊಕ್ಕು ಮಾಡಲು ಪುರುಸೊತ್ತಾದರೂ ಎಲ್ಲಿತ್ತು?

ಕಿವಿ ಸೋರುವುದು ಅವಳಿಗೆ ಹೊಸತಲ್ಲ. ಮಗ ಮಿಥುನನ ಬಾಣಂತನದಲ್ಲಿ ಶುರುವಾದದ್ದು, ಮಗನಿಗೀಗ ಹದಿನೇಳು ತುಂಬಿತ್ತು. ಹತ್ತಿಯ ಸುರುಳಿ ಇಟ್ಟುಕೊಂಡರೆ ನಾಲ್ಕು ದಿನದಲ್ಲಿ ನಿಲ್ಲುತ್ತಿತ್ತು, ನೆಗಡಿಯಾದಾಗ ಮತ್ತೆ ಬರುತ್ತಿತ್ತು. ಆದರೆ 2003ರ ಜನವರಿಯಲ್ಲಿ ಶುರುವಾದದ್ದು ನಿಲ್ಲಲೇ ಇಲ್ಲ. ವಾಸನೆಯೂ ಬಂತು. ಪಕ್ಕದಲ್ಲಿ ಮಲಗುವ ಮಗಳು ವೀಕ್ಷಾ, ಎಂಟನೇ ಕ್ಲಾಸಿನವಳು, ಏನೂ ಹೇಳದೆ ದಿಂಬು ತೆಗೆದುಕೊಂಡು ಅಜ್ಜಿಯ ಆ ಕಡೆಗೆ ಹೋಗಿ ಮಲಗಿದಳು. ಚಂದ್ರಮತಿಗೆ ಅದು ನೋವಿಗಿಂತ ಹೆಚ್ಚು ಚುಚ್ಚಿತು.

ಗಂಡ ವಿಷ್ಣುಮೂರ್ತಿ ಸಾಲಿಗ್ರಾಮದ ಕಡೆಯವನು. ಚೆನ್ನೈಯ ಕೋಯಂಬೇಡಿನ ಮಾರ್ಕೆಟ್ಟಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸಪ್ಲೈಯರ್. ಅರ್ಧ ದಿನದ ಸಂಬಳ ಬಿಟ್ಟು ಅವಳನ್ನು ಸರ್ಕಾರಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಬೆಂಚು ತುಂಬಿ, ಜನ ನೆಲದ ಮೇಲೆ ಕೂತಿದ್ದರು. ಆಯಾ ಒಬ್ಬಳು ಬಾಗಿಲಲ್ಲಿ ನಿಂತು, "ಕಾದು ಮೂಕ್ಕು ತೊಂಡೈ ಎಲ್ಲಾಂ ಇಂದ ಪಕ್ಕಂ!" ಎಂದು ಕೂಗುತ್ತಿದ್ದಳು, ಕಿವಿ ಮೂಗು ಗಂಟಲಿನವರೆಲ್ಲ ಈ ಕಡೆ ಬನ್ನಿ ಎಂದು. ಚಂದ್ರಮತಿಗೆ ಕೇಳಿಸಲಿಲ್ಲ. ವಿಷ್ಣುಮೂರ್ತಿ ಮೊಣಕೈಯಿಂದ ತಿವಿದು ಎಬ್ಬಿಸಿದ.

ಡಾಕ್ಟರಮ್ಮ ಚಿಕ್ಕ ಪ್ರಾಯದವಳು, ಒಳ್ಳೆಯವಳು. ಫೋಟೋ ತೆಗೆಸಿ ನೋಡಿ ತಮಿಳಿನಲ್ಲಿ ಬಿಡಿಸಿ ಹೇಳಿದಳು. ಪರದೆಯಲ್ಲಿ ತೂತು ಬಿದ್ದಿರುವುದಷ್ಟೇ ಅಲ್ಲ, ಒಳಗೆ ಗಂಟು ಬೆಳೆದು ಎಲುಬನ್ನು ತಿನ್ನುತ್ತಾ ಇದೆ. ಆಪರೇಷನ್ ಮಾಡಿದರೆ ಇರುವಷ್ಟು ಕೇಳಿಸುವುದಾದರೂ ಉಳಿಯುತ್ತದೆ. ಬಿಟ್ಟರೆ ಮುಖದ ನರಕ್ಕೆ ಹೋಗುತ್ತದೆ, ಅಲ್ಲಿಂದ ಮಿದುಳಿಗೆ. "ಹೆದರಿಸಲಿಕ್ಕೆ ಹೇಳುತ್ತಾ ಇಲ್ಲಮ್ಮ, ಮೂರು ತಿಂಗಳಿಗಿಂತ ಜಾಸ್ತಿ ಬಿಡಬೇಡಿ" ಎಂದಳು.

ಹೊರಗೆ ಗುಮಾಸ್ತ ದಪ್ಪ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು, ಅವಳ ಚೀಟಿಯ ಹಿಂದೆ ಕೆಂಪು ಶಾಯಿಯಲ್ಲಿ 41 ಎಂದು ಬರೆದುಕೊಟ್ಟ. ಅಂದರೆ ನಲವತ್ತನೆಯವರದ್ದು ಮುಗಿದ ಮೇಲೆ ಇವಳು. ಮನೆಯಲ್ಲಿ ಫೋನಿದೆಯಾ ಎಂದು ಕೇಳಿದ. ವಿಷ್ಣುಮೂರ್ತಿ ಹೋಟೆಲಿನ ಕ್ಯಾಶ್ ಟೇಬಲ್ಲಿನ ನಂಬರು ಕೊಟ್ಟ.

"ನಿಮ್ಮ ದಿನ ಬಂದಾಗ ಫೋನ್ ಮಾಡ್ತೇವೆ. ಅವತ್ತು ಬರದಿದ್ದರೆ ಬೆಡ್ ಮುಂದಿನವರಿಗೆ. ಆಮೇಲೆ ನನ್ನ ಹತ್ತಿರ ಜಗಳಕ್ಕೆ ಬರಬಾರದು" ಎಂದ ಗುಮಾಸ್ತ. ಎಲ್ಲರಿಗೂ ಹೇಳುವ ಮಾತನ್ನೇ ಇವರಿಗೂ ಹೇಳಿದ್ದ.

ಮನೆಗೆ ಬಂದು ಗಂಜಿಗೆ ಕೂತಾಗ ರಂಪ ಶುರುವಾಯಿತು.

"ನಲವತ್ತೊಂದು ಅಂದ್ರೆ ಯಾವ ಕಾಲಕ್ಕೆ?" ಎಂದಳು ಅತ್ತೆ ಸೀತಮ್ಮ. ಎಪ್ಪತ್ತೆರಡರ ಮುದುಕಿ, ಊರು ಬಿಟ್ಟು ಮಗನ ಮನೆಗೆ ಬಂದು ಆರು ವರ್ಷವಾದರೂ ತಮಿಳಿನ ಒಂದು ಮಾತು ಕಲಿತವಳಲ್ಲ. "ಬಿಸಿ ಎಣ್ಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಬಿಟ್ರೆ ಆಗ್ತಿತ್ತು. ನನ್ನ ಮಾತು ಯಾರು ಕೇಳ್ತಾರೆ?"

"ಎಣ್ಣೆ ಗಿಣ್ಣೆ ಬೇಡ ಅಂದಿದ್ದಾರಮ್ಮ ಡಾಕ್ಟ್ರು" ಎಂದ ವಿಷ್ಣುಮೂರ್ತಿ. "ಪೋರೂರಿನ ಹತ್ರ ಒಂದು ಪ್ರೈವೇಟ್ ಆಸ್ಪತ್ರೆ ಉಂಟು. ನಮ್ಮ ಹೋಟ್ಲಿಗೆ ಬರುವ ಒಬ್ರು ಹೇಳಿದ್ರು. ಇವತ್ತು ಹೋದ್ರೆ ಬರುವ ವಾರ ಆಪರೇಷನ್. ನಲವತ್ತೆಂಟು ಸಾವಿರ ಆಗ್ತದಂತೆ."

ಪೋಸ್ಟಾಫೀಸಿನಲ್ಲಿ ಐವತ್ತೆರಡು ಸಾವಿರ ಇತ್ತು, ಅದು ಯಾತಕ್ಕೆ ಇಟ್ಟದ್ದೆಂದು ವೀಕ್ಷಾಳಿಗೂ ಗೊತ್ತಿತ್ತು. ಮಿಥುನ ಪ್ಲಸ್ ಟೂ ಪರೀಕ್ಷೆಗೆ ಓದುತ್ತಿದ್ದ. ಮೇ ತಿಂಗಳಲ್ಲಿ ಇಂಜಿನಿಯರಿಂಗ್ ಕಾಲೇಜಿಗೆ ಕಟ್ಟಬೇಕಾದ ಹಣ ಅದು.

"ಮಾಣಿಯ ಕಾಲೇಜಿನ ದುಡ್ಡು ಮುಟ್ಟುವುದು ಬೇಡ" ಎಂದಳು ಚಂದ್ರಮತಿ.

"ಮತ್ತೆ ಎಂತ ಮಾಡುವ? ಮೂರು ತಿಂಗಳು ಅಂದಿದ್ದಾರೆ."

"ಮೂರು ತಿಂಗಳಲ್ಲಿ ನಲವತ್ತೊಂದು ಮುಗೀಲಿಕ್ಕಿಲ್ವಾ? ಸರ್ಕಾರದವ್ರೂ ಆಪರೇಷನ್ ಮಾಡುವವ್ರೇ ಅಲ್ವಾ? ಕಾಯುವ."

ಮಿಥುನ ತಟ್ಟೆಯಲ್ಲಿ ಕೈ ಆಡಿಸುತ್ತ ಕೂತಿದ್ದವನು ತಟಕ್ಕನೆ ಎದ್ದ. "ಎಲ್ರೂ ನನ್ನ ಮುಖ ಯಾಕೆ ನೋಡ್ತೀರಿ? ನನ್ನಿಂದ ಕಿವಿ ಹಾಳಾಯ್ತಾ?"

"ನಿನ್ನ ಬಾಣಂತನದಲ್ಲೇ ಶುರುವಾದದ್ದು" ಎಂದುಬಿಟ್ಟಳು ಅಜ್ಜಿ.

"ಅತ್ತೇ!" ಎಂದಳು ಚಂದ್ರಮತಿ. ಅಷ್ಟರಲ್ಲಿ ಹುಡುಗ ಕೈ ತೊಳೆಯದೆ ಹೊರಗೆ ಹೋಗಿ ಆಗಿತ್ತು.

ಆ ವರ್ಷ ಚೆನ್ನೈಯಲ್ಲಿ ನೀರಿಗೆ ಹಾಹಾಕಾರ. ಬೋರಿನಲ್ಲಿ ಗಾಳಿ ಬರುತ್ತಿತ್ತು. ಬೀದಿಯ ತುದಿಗೆ ದಿನ ಬಿಟ್ಟು ದಿನ ನೀರಿನ ಲಾರಿ ಬರುತ್ತಿತ್ತು, ಅದು ಹಾರ್ನ್ ಹೊಡೆದರೆ ಹೆಂಗಸರು ಪ್ಲಾಸ್ಟಿಕ್ ಕೊಡ ಹಿಡಿದು ಓಡಬೇಕು. ಚಂದ್ರಮತಿಗೆ ಹಾರ್ನ್ ಎತ್ತಲಿಂದ ಬಂತೆಂದು ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯವರು ಓಡುವುದನ್ನು ನೋಡಿ ತಾನೂ ಓಡುತ್ತಿದ್ದಳು, ಹಾಗಾಗಿ ಸಾಲಿನಲ್ಲಿ ಯಾವಾಗಲೂ ಕೊನೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಎರಡು ಕೊಡ ಎತ್ತಿ ತಿರುಗಿದಾಗ ಬೀದಿಯೇ ತಿರುಗಿದ ಹಾಗಾಯಿತು. ಗೋಡೆ ಹಿಡಿದುಕೊಂಡು ನಿಂತಳು. ಒಂದು ಕೊಡದ ನೀರು ಪೂರ್ತಿ ಚೆಲ್ಲಿತು. ತಲೆ ತಿರುಗಿದ್ದನ್ನು ಅವಳು ಮನೆಯಲ್ಲಿ ಹೇಳಲಿಲ್ಲ, ನೀರು ಚೆಲ್ಲಿದ್ದಕ್ಕೆ ಅತ್ತೆಯಿಂದ ಬೈಸಿಕೊಂಡಳು.

ಅತ್ತೆ ಕೆಟ್ಟವಳೇನಲ್ಲ. ಬಾಯಿ ಜೋರು, ಅಷ್ಟೆ. ಅವಳ ದೊಡ್ಡ ಸಂಕಟ ಮೊಮ್ಮಗಳದ್ದು. ವೀಕ್ಷಾಳಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತಾಡಲೂ ಬರುತ್ತಿತ್ತು, ಆದರೆ ಬಾಯಿ ತೆರೆದರೆ ತಮಿಳು ಬರುತ್ತಿತ್ತು. ಒಂದಕ್ಷರ ಕನ್ನಡ ಓದಲು ಬರುತ್ತಿರಲಿಲ್ಲ.

"ಮನೆಯೊಳಗೆ ಆ ಭಾಷೆ ಬೇಡ ಅಂದೆ. ನೀನು ಮಾತಾಡಿದ್ದು ನನಗೆ ಒಂದೂ ಗೊತ್ತಾಗುದಿಲ್ಲ."

"ಪೋ ಪಾಟಿ" ಎನ್ನುತ್ತಿದ್ದಳು ಹುಡುಗಿ, ನಗುತ್ತ.

"ಪಾಟಿಯಂತೆ! ಅಜ್ಜಿ ಅನ್ಲಿಕ್ಕೆ ನಾಲಗೆ ಸವೀತದಾ? ರಜೆ ಬರ್ಲಿ, ಅಕ್ಷರ ಕಲಿಸದೆ ಬಿಡುದಿಲ್ಲ ನಿನಗೆ."

ಈ ಗಲಾಟೆಯ ನಡುವೆ ಚಂದ್ರಮತಿ ಮಾತ್ರ ದಿನ ಎಣಿಸುತ್ತಿದ್ದಳು. ವಿಷ್ಣುಮೂರ್ತಿ ಮಧ್ಯಾಹ್ನ ಹೋಟೆಲಿನಿಂದ ಬಂದ ಕೂಡಲೇ, "ಫೋನ್ ಬಂತಾ?" ಎಂದು ಕೇಳುತ್ತಿದ್ದಳು. ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ಒಮ್ಮೆ ಆಸ್ಪತ್ರೆಗೇ ಹೋಗಿ ಕೇಳಿ ಬರುತ್ತೇನೆಂದು ಹೊರಟವನನ್ನು ಅವಳೇ ತಡೆದಳು. ಕೇಳಲು ಹೋದರೆ ಅರ್ಧ ದಿನದ ಸಂಬಳ ಹೋಗುತ್ತದೆ, ಅವರೇ ಫೋನ್ ಮಾಡುತ್ತೇವೆಂದು ಹೇಳಿದ್ದಾರಲ್ಲ ಎಂದು.

ಏಪ್ರಿಲ್ ಮೊದಲ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ವಿಷ್ಣುಮೂರ್ತಿ ಮೆಟ್ಟಿಲು ಹತ್ತುವಾಗಲೇ ಕೈಯಲ್ಲಿ ಒಂದು ಚೀಟಿ ಇತ್ತು. ಹೋಟೆಲಿನ ಬಿಲ್ ಪುಸ್ತಕದಿಂದ ಹರಿದ ಹಾಳೆ. ಬರೆದವನು ಕ್ಯಾಶ್‌ನಲ್ಲಿ ಕೂರುವ ಭೋಜರಾಜಣ್ಣ. ಅವನಿಗೆ ಐವತ್ತು ಕಳೆದಿತ್ತು, ಹೋಟೆಲಿನ ಧಣಿಗಳು ಅವನನ್ನು ಕುಂದಾಪುರದ ತಮ್ಮ ಹೋಟೆಲಿನಿಂದ ಇಲ್ಲಿಗೆ ಕರೆಸಿ ಇನ್ನೂ ತಿಂಗಳಾಗಿತ್ತಷ್ಟೆ. ನಂಬಿಗಸ್ತ, ಅಕ್ಷರವೋ ಮುತ್ತು ಪೋಣಿಸಿದ ಹಾಗೆ. ತಮಿಳಿನಲ್ಲಿ ಲೆಕ್ಕ ಮಾತ್ರ ಕಲಿತುಕೊಂಡಿದ್ದ, ಕ್ಯಾಶ್‌ನಲ್ಲಿ ಕೂತವನಿಗೆ ಅದಿಲ್ಲದೆ ಆಗುವುದಿಲ್ಲವಲ್ಲ. ಉಳಿದದ್ದೆಲ್ಲ ಅವನಿಗೆ ಬರೀ ಗದ್ದಲ.

ಚೀಟಿಯಲ್ಲಿ ಹೀಗಿತ್ತು:

*ಆಸ್ಪತ್ರೆಯಿಂದ ಫೋನ್. ಚಂದ್ರಮತಿಯವರಿಗೆ. ಕಾದು ಆಪರೇಷನ್. 17.*

ಚಂದ್ರಮತಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಚೀಟಿ ತೆಗೆದುಕೊಂಡಳು. ಒಂದು ಸಲ ಓದಿದಳು. ಎರಡನೇ ಸಲ ಓದುವಾಗ ಅವಳ ಮುಖ ಅರಳಿತು.

"ನೋಡಿ, ನಾನು ಹೇಳ್ಲಿಲ್ವಾ? ನಲವತ್ತೊಂದಿದ್ದದ್ದು ಹದಿನೇಳಕ್ಕೆ ಬಂದಿದೆ! ಎರಡೇ ತಿಂಗಳಲ್ಲಿ!"

"ಕಾಯಿರಿ ಅಂತ ಹೇಳ್ಲಿಕ್ಕೆ ಫೋನ್ ಮಾಡಿದ್ರಾ ಅವ್ರು?" ಎಂದ ವಿಷ್ಣುಮೂರ್ತಿ. ಅವನಿಗೆ ಸ್ವಲ್ಪ ಸೋಜಿಗವಾಗಿತ್ತು. "ಭೋಜರಾಜಣ್ಣನ ಹತ್ರ ಕೇಳಿದೆ. ಊಟದ ಹೊತ್ತಿನ ಗದ್ದಲ, ಏನೂ ಸರಿ ಕೇಳ್ಲಿಲ್ವಂತೆ. ಆದ್ರೆ ಕಾಯ್ಲಿಕ್ಕೆ ಅಂತ ಮೂರು ಮೂರು ಸಲ ಹೇಳಿದ್ರಂತೆ."

"ಪಾಪ, ಒಳ್ಳೆ ಜನ. ಯಾರು ಹಾಗೆ ಫೋನ್ ಮಾಡಿ ಹೇಳ್ತಾರೆ?"

"ಅವರು ಹೇಳಿದ ಮೂರು ತಿಂಗಳು ಬರುವ ತಿಂಗಳಿಗೆ ಮುಗೀತದೆ ಚಂದ್ರಾ. ನನಗೆ ಯಾಕೋ ಪೋರೂರಿಗೇ ಹೋಗುವ ಅಂತ ಕಾಣ್ತದೆ."

"ಹದಿನೇಳು ಜನಕ್ಕೋಸ್ಕರ ನಲವತ್ತೆಂಟು ಸಾವಿರ ಸುರೀತೀರಾ? ನಿಮಗೆ ತಲೆ ಕೆಟ್ಟಿದೆಯಾ?"

ವೀಕ್ಷಾ ಶಾಲೆಯ ಚೀಲ ಕೆಳಗಿಟ್ಟು ಅಮ್ಮನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಎನ್ನಮ್ಮಾ ಎಳುದಿರುಕ್ಕು?"

"ಎಂತ ಬರ್ದಿದೆ ಅಂತ ನೀನೇ ಓದು, ಓದ್ಲಿಕ್ಕೆ ಬಂದ್ರೆ" ಎಂದಳು ಅಜ್ಜಿ, ಮಾತು ತಿಳಿಯದಿದ್ದರೂ ಹುಡುಗಿ ಬಗ್ಗಿದ್ದನ್ನು ನೋಡಿ.

"ನಿನಗೆ ಓದ್ಲಿಕ್ಕೆ ಬರುದಿಲ್ಲ, ಬಿಡು" ಎಂದು ಚಂದ್ರಮತಿ ನಕ್ಕು, ಚೀಟಿಯನ್ನು ಮಡಚಿ ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಆ ದಿನ ರಾತ್ರಿಯ ಅಡುಗೆಗೆ ಕಾಯಿ ಧಾರಾಳ ಹಾಕಿ ಬದನೆಕಾಯಿ ಹುಳಿ ಮಾಡಿದಳು. ಮಿಥುನ ಬಹಳ ದಿನಗಳ ಮೇಲೆ ಎರಡು ಸಲ ಬಡಿಸಿಕೊಂಡ.

ತಮಿಳರ ಹೊಸ ವರ್ಷ ಕಳೆಯಿತು. ಆ ಗುರುವಾರ ಹೋಟೆಲಿಗೆ ಒಂದು ಮದುವೆಯ ಆರ್ಡರು ಬಂದಿತ್ತು, ಎಂಟು ನೂರು ಚಕ್ಕುಲಿ. ಚಂದ್ರಮತಿ ನಸುಕಿನಿಂದ ಒಲೆಯ ಮುಂದೆ ಕೂತವಳು ಏಳಲಿಲ್ಲ. ಕಿವಿಯ ಹಿಂದೆ ಬಾವು ಬಂದು ಮುಟ್ಟಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಸೆರಗನ್ನು ತಲೆಗೆ ಸುತ್ತಿಕೊಂಡು ಕರಿದಳು. ಸಂಜೆ ಭೋಜರಾಜಣ್ಣನೇ ಆಟೋ ತಂದು ಡಬ್ಬಗಳನ್ನು ಎತ್ತಿಕೊಂಡು ಹೋದ. "ಅಕ್ಕ, ಒಂದೂ ಮುರೀಲಿಲ್ಲ ನೋಡಿ! ನಿಮ್ಮ ಕೈಗುಣ" ಎಂದ. ಅವನು ಎಡಗಡೆ ನಿಂತು ಹೇಳಿದ್ದ, ವೀಕ್ಷಾ ಬಲಗಡೆಗೆ ಬಂದು ಮತ್ತೆ ಹೇಳಬೇಕಾಯಿತು.

ಅದಾಗಿ ಎಂಟು ದಿನಕ್ಕೆ, ಬೆಳಿಗ್ಗೆ ಕಾಫಿ ಕುಡಿಯುವಾಗ ಅದು ಅವಳ ಬಾಯಿಯ ಎಡ ಮೂಲೆಯಿಂದ ಹೊರಗೆ ಸುರಿಯಿತು. ಒರೆಸಿಕೊಂಡಳು. ಮತ್ತೆ ಕುಡಿದಳು. ಮತ್ತೆ ಸುರಿಯಿತು.

"ಅಮ್ಮಾ, ಎಂತದು ನಿನ್ನ ಮುಖ?" ಎಂದು ವೀಕ್ಷಾ ಕಿರುಚಿದಳು. ಆ ಹೊತ್ತಿಗೆ ಅವಳ ಬಾಯಿಗೆ ಕನ್ನಡವೇ ಬಂದಿತ್ತು.

ಎಡ ಕಣ್ಣು ಮುಚ್ಚುತ್ತಿರಲಿಲ್ಲ. ಎಡ ಕೆನ್ನೆ ಜೋತುಬಿದ್ದಿತ್ತು. ಚಂದ್ರಮತಿ ಕನ್ನಡಿ ಕೇಳಿದಳು, ಯಾರೂ ಕೊಡಲಿಲ್ಲ. ಎದ್ದು ನಿಂತಾಗ ಮನೆ ಗಿರ್ರನೆ ತಿರುಗಿ, ಹಿಟ್ಟಿನ ಬೋಗುಣಿಯ ಮೇಲೆಯೇ ಬಿದ್ದಳು.

ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋದರು. ಅವಳನ್ನು ಬೆಂಚಿನ ಮೇಲೆ ಮಿಥುನನ ತೊಡೆಗೆ ಒರಗಿಸಿ ವಿಷ್ಣುಮೂರ್ತಿ ಗುಮಾಸ್ತನ ಕಿಟಕಿಗೆ ಓಡಿದ. ಗುಮಾಸ್ತ ರಿಜಿಸ್ಟರು ತಿರುವಿ, ಬೆರಳಿಟ್ಟು, ತಲೆ ಎತ್ತಿದ.

"ಚಂದ್ರಮತಿ. ಫೋನ್ ಪಣ್ಣೋಂ, ನೀಂಗ ವರಲೆ. ಹೆಸರು ಹೊಡೆದು ಹಾಕಿದೆ."

"ಫೋನ್ ಮಾಡಿದಿರಿ, ಕಾಯಿರಿ ಅಂತ ಹೇಳಿದಿರಿ! ಹದಿನೇಳನೇ ನಂಬರ್ ಅಂತ ಹೇಳಿದಿರಿ!" ವಿಷ್ಣುಮೂರ್ತಿ ತಮಿಳಿನಲ್ಲಿ ಕೂಗಿದ. "ಈಗ ಬರಲಿಲ್ಲ ಅಂತ ಸುಳ್ಳು ಹೇಳ್ತೀಯಾ? ಬೆಡ್ಡನ್ನು ಯಾರಿಗೆ ಮಾರಿದೆ?"

ಇಪ್ಪತ್ತೆರಡು ವರ್ಷ ಗಿರಾಕಿಗಳ ಮುಂದೆ ತಲೆ ಬಗ್ಗಿಸಿ ನಿಂತ ಮನುಷ್ಯ. ಅವನು ಹಾಗೆ ಕೂಗಿದ್ದನ್ನು ಮಿಥುನ ಹುಟ್ಟಿದ ಮೇಲೆ ನೋಡಿರಲಿಲ್ಲ. ಗುಮಾಸ್ತನೂ ಬಿಡಲಿಲ್ಲ. ಮುನ್ನೂರು ಜನರ ಸಾಲಿನ ಮುಂದೆ ಮಾರಿದೆ ಎನ್ನಿಸಿಕೊಂಡರೆ ಯಾರು ಸುಮ್ಮನಿರುತ್ತಾರೆ? ಕೈಗೆ ಕೈ ಹತ್ತುವಷ್ಟಾಯಿತು, ಪೋಲೀಸಿನವನು ಬಂದ. ಯಾರೋ ಎಮರ್ಜೆನ್ಸಿಗೆ ಹೋಗಿ ಎಂದು ಕೈ ತೋರಿಸಿದರು. ವಿಷ್ಣುಮೂರ್ತಿ ಆ ಕೆಂಪು ಶಾಯಿಯ ಚೀಟಿಯನ್ನು ಹರಿದು ಕಿಟಕಿಯೊಳಗೆ ಎಸೆದು ಬಂದ.

"ನಡೀ ಮಿಥುನ, ಆಟೋ ಕರಿ. ಇಲ್ಲಿ ಇದ್ರೆ ಕೊಂದು ಹಾಕ್ತಾರೆ ಇವ್ರು. ಪೋರೂರಿಗೆ ಹೋಗುವ."

ಚಂದ್ರಮತಿ ಮಗನ ತೊಡೆಯ ಮೇಲಿಂದ, "ಕಾಲೇಜಿನ ದುಡ್ಡು ಬೇಡ" ಎನ್ನಲು ನೋಡಿದಳು. ಬಾಯಿ ಸರಿಯಾಗಿ ತಿರುಗಲಿಲ್ಲ.

"ಸುಮ್ನಿರಮ್ಮ" ಎಂದ ಮಿಥುನ. ಅವನು ಅಳುತ್ತಿದ್ದ.

ಆಪರೇಷನ್ ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಆಯಿತು. ಜೀವ ಉಳಿಯಿತು. ದೊಡ್ಡ ಡಾಕ್ಟರು ವಿಷ್ಣುಮೂರ್ತಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದಿಷ್ಟು: ಕೀವು ಒಳಕಿವಿಗೆ ಇಳಿದಿತ್ತು, ಆ ಕಿವಿಯಲ್ಲಿ ಇನ್ನು ಏನೂ ಕೇಳಿಸುವುದಿಲ್ಲ. ಮುಖ ಆರು ತಿಂಗಳಲ್ಲಿ ಅರ್ಧ ಸರಿಯಾದರೂ ಪುಣ್ಯ. "ಹತ್ತು ದಿನ ಮೊದಲು ತಂದಿದ್ದರೆ ಎರಡೂ ಉಳಿಯುತ್ತಿತ್ತಲ್ಲ, ಯಾಕೆ ತರಲಿಲ್ಲ?" ಎಂದು ಕೇಳಿದರು.

"ಸರ್ಕಾರಿ ಆಸ್ಪತ್ರೆಯವರು ಕರೀಲೇ ಇಲ್ಲ ಸಾರ್" ಎಂದ ವಿಷ್ಣುಮೂರ್ತಿ.

ಅಂದಿನಿಂದ ಅದೇ ಅವನ ಜಪವಾಯಿತು. ಹೋಟೆಲಿನಲ್ಲಿ, ವಠಾರದಲ್ಲಿ, ಊರಿಗೆ ಬರೆದ ಕಾಗದದಲ್ಲಿ, ಕರೀಲೇ ಇಲ್ಲ, ಬೆಡ್ ಮಾರಿಕೊಂಡರು. ಹೇಳಿ ಹೇಳಿ ಅವನು ಸ್ವಲ್ಪ ಹಗುರಾಗುತ್ತಿದ್ದ. ಇಲ್ಲದಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

ಮಿಥುನ ಪ್ಲಸ್ ಟೂ ಪಾಸಾದ. ಮಾರ್ಕು ಚೆನ್ನಾಗಿಯೇ ಬಂದಿತ್ತು. ಮಾರ್ಕು ಇಟ್ಟುಕೊಂಡು ಏನು ಮಾಡುವುದು? ರಿಸಲ್ಟ್ ಬಂದ ಮೂರನೇ ದಿನ ಅಪ್ಪನ ಜೊತೆ ಕೋಯಂಬೇಡಿನ ಹೋಟೆಲಿಗೆ ಹೋಗಿ ಟೇಬಲ್ ಒರೆಸುವ ಕೆಲಸಕ್ಕೆ ನಿಂತ. ಮನೆಯಲ್ಲಿ ಅಮ್ಮನೂ ಅಜ್ಜಿಯೂ ಹುಡುಗ ಎಂಬರ್ಥದಲ್ಲಿ ಪ್ರೀತಿಯಿಂದ ಮಾಣಿ ಎಂದು ಕರೆಯುತ್ತಿದ್ದರು. ಈಗ ಗಿರಾಕಿಗಳೂ ಹಾಗೇ ಕರೆದರು.

"ಒಂದು ವರ್ಷ ಅಷ್ಟೆ ಅಮ್ಮ" ಎಂದು ಅವನು ಬಲಗಡೆಗೆ ಬಂದು ಕೂತು ಹೇಳಿದ. ಕೈಗಳಲ್ಲಿ ಸೋಪಿನ ನೀರಿನ ವಾಸನೆ ಇತ್ತು. ಚಂದ್ರಮತಿ ಮುಚ್ಚದ ಕಣ್ಣಿಗೆ ಬಟ್ಟೆ ಒತ್ತಿಕೊಂಡಳು. ಆ ಕಣ್ಣಿನಲ್ಲಿ ಹೇಗೂ ಯಾವಾಗಲೂ ನೀರು ಬರುತ್ತಿದ್ದುದರಿಂದ ಅವಳು ಅತ್ತದ್ದು ಅವನಿಗೆ ತಿಳಿಯಲಿಲ್ಲ.

ಬೇಸಿಗೆ ರಜೆಯಲ್ಲಿ ಸೀತಮ್ಮ ತನ್ನ ಮಾತು ಉಳಿಸಿಕೊಂಡಳು. ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಕನ್ನಡ ಅಕ್ಷರ ಕಲಿಸಿದಳು. ಅಮ್ಮ ಬಿದ್ದಂದಿನಿಂದ ಹುಡುಗಿ ಎದುರಾಡುವುದನ್ನು ಬಿಟ್ಟಿದ್ದಳು. ಜೂನ್ ಹೊತ್ತಿಗೆ ಒತ್ತಕ್ಷರದಲ್ಲಿ ಮಾತ್ರ ತಡವರಿಸುತ್ತ, ಉಳಿದದ್ದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು. ಮನೆಯಲ್ಲಿದ್ದ ಕನ್ನಡವೆಲ್ಲ ಮುಗಿಯಿತು. ಪಂಚಾಂಗ, ಊರಿನ ಮದುವೆ ಕಾಗದ, ಉಪ್ಪಿನಕಾಯಿ ಕಟ್ಟಿ ತಂದಿದ್ದ ಹಳೇ ಪೇಪರು.

"ಇನ್ನೆಂತ ಓದುದು ಅಜ್ಜಿ?"

"ದೇವ್ರ ಹಿಂದೆ ಒಂದು ಚೀಟಿ ಉಂಟಲ್ಲ, ಅದನ್ನು ತಾ. ಭೋಜರಾಜನ ಅಕ್ಷರ ಅಚ್ಚು ಹಾಕಿದ ಹಾಗೆ ಇರ್ತದೆ."

ಚಂದ್ರಮತಿ ಗೋಡೆಗೆ ಒರಗಿ ಅಕ್ಕಿ ಆರಿಸುತ್ತಿದ್ದಳು. ತಲೆ ತಿರುಗುವುದು ಇನ್ನೂ ನಿಂತಿರಲಿಲ್ಲ, ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ವೀಕ್ಷಾ ಅವಳ ಬಲಗಡೆಗೆ ಬಂದು ಕೂತು, ಬೆರಳಿಟ್ಟು ಓದಿದಳು.

"ಆ... ಸ್ಪ... ಆಸ್ಪತ್ರೆ. ಆಸ್ಪತ್ರೆಯಿಂದ ಫೋನ್. ಚಂದ್ರಮತಿ... ಅಮ್ಮಾ, ನಿನ್ನ ಹೆಸ್ರು! ಚಂದ್ರಮತಿಯವರಿಗೆ. ಕಾ... ದು. ಕಾದು ಆಪರೇಷನ್. ಪದಿನೇಳು."

"ಹದಿನೇಳು ಅನ್ನು" ಎಂದಳು ಅಜ್ಜಿ.

ಹುಡುಗಿ ಚೀಟಿಯನ್ನು ತಿರುಗಿಸಿ ನೋಡಿದಳು, ಹಿಂದೆ ಇನ್ನೇನಾದರೂ ಇದೆಯೋ ಎಂದು. "ಅಮ್ಮ, ಆಪರೇಷನ್ ಹದಿನೇಳಕ್ಕೆ ಅಂತ ಇದೆ. ನಿನಗೆ ಇಪ್ಪತ್ತೊಂಬತ್ತಕ್ಕೆ ಅಲ್ವಾ ಆದದ್ದು?"

"ಅದು ತಾರೀಕಲ್ಲ ಹೆಣ್ಣೇ, ನಂಬ್ರ" ಎಂದಳು ಅಜ್ಜಿ. "ಕಾದು ಅಂತ ಬರ್ದಿದೆಯಲ್ಲ. ಕಾಯ್ಬೇಕು ಅಂತ ಅರ್ಥ. ಅಷ್ಟೂ ತಿಳೀಲಿಲ್ವಾ?"

"ಕಾಯುದಾ? ಇಲ್ಲಜ್ಜಿ." ವೀಕ್ಷಾ ತನ್ನ ಕಿವಿ ಹಿಡಿದು ತೋರಿಸಿದಳು, ಸಣ್ಣ ಮಕ್ಕಳಿಗೆ ತೋರಿಸುವ ಹಾಗೆ. "ಇದು. ಕಾದು. ಕಿವಿ ಆಪರೇಷನ್, ಹದಿನೇಳು."

ಅಕ್ಕಿಯ ಮೊರ ಚಂದ್ರಮತಿಯ ತೊಡೆಯ ಮೇಲೆ ಹಾಗೇ ನಿಂತಿತು.

ಹದಿನೆಂಟು ವರ್ಷ ಅವಳು ಈ ಊರಿನಲ್ಲಿದ್ದಳು. ಆ ಡಾಕ್ಟರಮ್ಮ ಎಷ್ಟು ಸಲ ಹೇಳಿದ್ದಳು ಆ ಮಾತನ್ನು! ಔಷಧದಂಗಡಿಯಲ್ಲಿ ತಾನೇ ಎಷ್ಟು ಸಲ ಹೇಳಿದ್ದಳು, ಕಾದು ವಲಿ, ಕಿವಿನೋವು ಎಂದು. ಆದರೆ ಚೀಟಿ ಕನ್ನಡ ಅಕ್ಷರದಲ್ಲಿತ್ತು, ಭೋಜರಾಜಣ್ಣನ ಮುದ್ದಾದ ಅಕ್ಷರದಲ್ಲಿ, ಅದಕ್ಕೇ ಕನ್ನಡವೆಂದು ಓದಿದಳು. ಅವಳಿಗೆ ಕಾಯಬೇಕಾಗಿತ್ತು, ಅದಕ್ಕೇ ಕಾದು ಎಂದು ಓದಿದಳು. ಗಂಡ ಅನುಮಾನಪಟ್ಟಾಗ ನಿಮಗೆ ತಲೆ ಕೆಟ್ಟಿದೆಯಾ ಎಂದವಳೂ ಅವಳೇ.

ಏಪ್ರಿಲ್ ಹದಿನೇಳು ಗುರುವಾರವಾಗಿತ್ತು. ಎಂಟು ನೂರು ಚಕ್ಕುಲಿಯ ದಿನ.

"ಅಮ್ಮಾ?" ವೀಕ್ಷಾ ಅವಳ ಮೊಣಕೈ ಹಿಡಿದು ಅಲುಗಿಸಿದಳು. ಹುಡುಗಿಗೂ ಈಗ ಒಂದೊಂದಾಗಿ ಹೊಳೆಯತೊಡಗಿತ್ತು, ಮುಖ ಬಿಳಿಚಿಕೊಂಡಿತ್ತು. "ಅವತ್ತು ನಾನು ಕೇಳಿದೆ. ಎಂತ ಬರ್ದಿದೆ ಅಂತ ನಾನು ಕೇಳಿದೆನಲ್ಲಮ್ಮ. ಓದಿ ಹೇಳಿದ್ರೆ ನನಗೆ ಗೊತ್ತಾಗ್ತಿತ್ತು. ಯಾಕೆ ಓದಿ ಹೇಳ್ಲಿಲ್ಲ?"

ಸೀತಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಮೊಮ್ಮಗಳ ಕೈಯಿಂದ ಚೀಟಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತೆವಳಿಕೊಂಡು ಸೊಸೆಯ ಬಲಗಡೆಗೆ ಬಂದಳು.

"ಅವನಿಗೆ ಹೇಳ್ಬೇಡ" ಎಂದಳು ಮೆಲ್ಲಗೆ. "ಅವರು ಕರೀಲಿಲ್ಲ ಅಂತ ಹೇಳಿಕೊಂಡೇ ಅವ ಬದುಕಿದ್ದಾನೆ. ಆ ಭೋಜರಾಜನೂ ಪಾಪದವ, ತಿಳಿದ್ರೆ ಕೆಲಸ ಬಿಟ್ಟು ಊರಿಗೆ ಹೋದಾನು. ನೀನು ಬಾಯಿ ಬಿಡ್ಬೇಡ. ಹೆಣ್ಣೇ, ನೀನೂ ಅಷ್ಟೆ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಮೂರು ಗಂಟೆಯ ಬಿಡುವಿಗೆ ವಿಷ್ಣುಮೂರ್ತಿಯೂ ಮಿಥುನನೂ ಬರುವ ಹೊತ್ತು. ಮಿಥುನ ಬಂದವನೇ ಮೂಲೆಯಲ್ಲಿ ಟವೆಲ್ ಹಾಸಿಕೊಂಡು ಬಿದ್ದುಕೊಂಡ. ವಿಷ್ಣುಮೂರ್ತಿ ಕೈಯಲ್ಲಿದ್ದ ಕ್ಯಾರಿಯರನ್ನು ಅವಳ ಮುಂದಿಟ್ಟ.

"ಭೋಜರಾಜಣ್ಣ ರಸಂ ಕಳಿಸಿದ್ದಾನೆ ನಿನಗೆ. ದಿನಾ ಕೇಳ್ತಾನೆ ಪಾಪ, ಅಕ್ಕ ಹೇಗಿದ್ದಾರೆ ಅಂತ." ಅವನು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದ. "ಇವತ್ತು ಒಬ್ರು ಗಿರಾಕಿ ಹೇಳಿದ್ರು, ಆ ಗುಮಾಸ್ತನ ಮೇಲೆ ಕಂಪ್ಲೇಂಟು ಕೊಡ್ಬಹುದಂತೆ. ಕಾಗದ ಅವರೇ ಬರ್ದು ಕೊಡ್ತಾರಂತೆ. ಅವನ ಕೆಲಸ ಹೋಗ್ಬೇಕು ಚಂದ್ರಾ, ನನ್ನ ಮಗನ ಹೊಟ್ಟೆ ಮೇಲೆ ಹೊಡೆದವ ಅವ. ಹೌದಾ ಅಲ್ವಾ, ನೀನೇ ಹೇಳು. ಅವ್ರು ನಮ್ಮನ್ನು ಕರೆದ್ರಾ?"

ಸೀತಮ್ಮ ಸೊಂಟದ ಮೇಲೆ ಕೈ ಒತ್ತಿಕೊಂಡಳು. ವೀಕ್ಷಾ ಅಮ್ಮನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಕೊಂಡು.

"ಚಂದ್ರಾ, ಕೇಳಿದ್ದು. ಅವ್ರು ಕರೆದ್ರಾ?"

ಚಂದ್ರಮತಿ ಮೊರ ಕೆಳಗಿಟ್ಟು, ಅರ್ಧ ಮುಖದಿಂದ ಅವನ ಕಡೆ ನೋಡಿದಳು.

"ಎಂತ ಹೇಳಿದ್ರಿ?" ಎಂದಳು. "ಕೇಳ್ಲಿಲ್ಲ."

ಅವನು ನಿಂತಿದ್ದದ್ದು ಅವಳ ಬಲಗಡೆಗೆ.